ಸೇನೆಯಿಂದ ಬಂದು ಕಷ್ಟಪಡುತ್ತಿರುವವರಿಗೆ ನಟನೆ, ಸಿನಿಮಾ ನಿಜವಾಗ್ಲೂ ಸಹಾಯ ಮಾಡುತ್ತಾ?

ಖಂಡಿತ ಮಾಡುತ್ತದೆ. ಸ್ಟಾರ್ ಆಗುವುದು ಇಲ್ಲಿ ಮುಖ್ಯವೇ ಅಲ್ಲ.

ಸೇನೆ ಬಿಟ್ಟವರು ಕಳೆದುಕೊಳ್ಳುವುದು ಸಂಬಳ ಮಾತ್ರ ಅಲ್ಲ. ಜೊತೆಗಿದ್ದ ತಂಡ, ದಿನದ ಶಿಸ್ತು, ‘ನನ್ನಿಂದ ಇಲ್ಲಿ ಕೆಲಸ ಆಗಬೇಕಿದೆ’ ಅನ್ನುವ ಭಾವನೆ, ಎಲ್ಲವೂ ಒಟ್ಟಿಗೆ ಹೋಗುತ್ತದೆ. ಶೂಟಿಂಗ್ ಸೆಟ್‌ನಲ್ಲಿ ಅದು ಸ್ವಲ್ಪ ವಾಪಸ್ ಸಿಗುತ್ತದೆ: ಬೆಳಗಿನ ಜಾವ ಹಾಜರಿ, ಲೈಟು, ಸೌಂಡು, ಕ್ಯಾಮೆರಾ, ಪ್ರತಿಯೊಬ್ಬರಿಗೂ ಒಂದು ಹೊಣೆ, ಒಬ್ಬರು ತಪ್ಪಿದರೆ ಶಾಟ್ ನಿಂತೇ ಹೋಗುತ್ತದೆ.

ನಟನೆ ಇನ್ನೂ ಒಳಗೆ ಹೋಗಿ ಮುಟ್ಟುತ್ತದೆ. ‘ರಾತ್ರಿ ನಿದ್ದೆ ಬರಲ್ಲ, ಭಯ ಆಗುತ್ತೆ’ ಅಂತ ಮನೆಯವರಿಗೂ ಹೇಳಲಾಗದವರು ಅದನ್ನೇ ಪಾತ್ರದ ಮಾತಾಗಿ ಹೇಳಬಲ್ಲರು. ಕೈಯಲ್ಲಿ ಹಾಳೆ ನಡುಗುತ್ತಿರುತ್ತದೆ. ಪಾದ ಗಟ್ಟಿಯಾಗಿ ಊರಿ, ಉಸಿರು ಬಿಟ್ಟು, ಒಂದು ಸಾಲು ಹೇಳುತ್ತಾರೆ, ಎದುರಿನವರು ಕಣ್ಣಿಟ್ಟು ಕೇಳುತ್ತಾರೆ. ಅಷ್ಟೇ, ಆದರೆ ಅದು ಸಣ್ಣ ವಿಷಯ ಅಲ್ಲ.

ಅಮೆರಿಕದಲ್ಲಿ ಮಾಜಿ ಸೈನಿಕ ಸ್ಟೀಫನ್ ವುಲ್ಫರ್ಟ್ ಶುರು ಮಾಡಿದ ‘ಡಿಕ್ರೂಟ್’ ಎಂಬ ಕಾರ್ಯಕ್ರಮ ಶೇಕ್ಸ್‌ಪಿಯರ್ ಸಾಲುಗಳಿಂದ ಇದನ್ನೇ ಮಾಡುತ್ತದೆ. ‘ಥಿಯೇಟರ್ ಆಫ್ ವಾರ್’ ತಂಡ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಸುಮಾರು 2,400 ವರ್ಷ ಹಳೆಯ ನಾಟಕಗಳನ್ನು ಸೈನಿಕರ ಮುಂದೆ ಓದುತ್ತದೆ, ಆಮೇಲೆ ಸೈನಿಕರು, ಮನೆಯವರು ಮಾತಾಡುತ್ತಾರೆ. ಸೊಫೊಕ್ಲಿಸ್ ಸ್ವತಃ ದಂಡನಾಯಕನಾಗಿದ್ದವನು!

ಆದರೆ ಇದು ಚಿಕಿತ್ಸೆಗೆ ಬದಲಿ ಅಲ್ಲ, ಮನೋವೈದ್ಯರು ಜೊತೆಗಿರಲೇಬೇಕು. ಸೆಟ್‌ನಲ್ಲಿ ಗುಂಡಿನ ಸದ್ದು ಇದ್ದರೆ ಮೊದಲೇ ಹೇಳಿ. ಅವರದೇ ಯುದ್ಧದ ಕಥೆಯನ್ನು ಒತ್ತಾಯಿಸಿ ಕೇಳಬೇಡಿ. ಸುಮ್ನೆ ಸೈನಿಕನ ಪಾತ್ರವನ್ನೇ ಕೊಡುವುದೂ ಬೇಡ, ಅಪ್ಪನ ಪಾತ್ರವನ್ನೋ ಎಡಿಟಿಂಗ್ ಕೆಲಸವನ್ನೋ ಕೊಟ್ಟು ನೋಡಿ.