ಬರ್ಗರ್ ಬಿಲ್ ಯಾಕೆ ಮುಚ್ಚಿಟ್ರಿ?

ಪ್ರಶ್ನೆ: ನಾನೂ ನನ್ನ ಗಂಡನೂ ಇಬ್ಬರೂ ದುಡಿಯುತ್ತೇವೆ. ಸಂಬಳ ಬಂದ ವಾರ ನಾನೊಬ್ಬಳೇ ಒಂದು ಒಳ್ಳೆಯ ರೆಸ್ಟೊರೆಂಟಿಗೆ ಹೋಗಿ ಹ್ಯಾಂಬರ್ಗರ್ ತಿಂದು ಬರುತ್ತೇನೆ. ಫಾಸ್ಟ್ ಫುಡ್ ಅಂಗಡಿಯ ಬರ್ಗರಿಗೆ ಹೋಲಿಸಿದರೆ ಬೆಲೆ ಐದು ಪಟ್ಟು. ಒಂದು ದಿನ ಬಿಲ್ ನನ್ನ ಗಂಡನ ಕೈಗೆ ಸಿಕ್ಕಿತು. 'ಬನ್ನಿನ ಮಧ್ಯೆ ಒಂದು ತುಂಡು ಮಾಂಸ, ಅದಕ್ಕೆ ಇಷ್ಟು ದುಡ್ಡಾ?' ಅಂತ ನಕ್ಕರು. ಆಮೇಲೆ ಸ್ನೇಹಿತರ ಮುಂದೆಯೂ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದರು. ಅಂದಿನಿಂದ ಕಾರ್ಡ್ ಬಿಟ್ಟು ನಗದು ಕೊಡುತ್ತಿದ್ದೇನೆ. ಬಿಲ್ಲನ್ನು ಅಲ್ಲೇ ಹರಿದು ಹಾಕುತ್ತೇನೆ. ತಿನ್ನುವಾಗ ಏನೋ ಕದ್ದ ಹಾಗೆ ಅನಿಸುತ್ತದೆ. ಇದು ದುಂದುವೆಚ್ಚವಾ? ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆದರೆ ನಿಮ್ಮವರ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವುದೂ ಬೇಡ. ಅದಕ್ಕೆ ಉತ್ತರ ಇದೆ.

ಬರ್ಗರ್ ಹೆಸರು ಮಾಡಿದ್ದೇ ಅಗ್ಗದ ತಿಂಡಿಯಾಗಿ. ಅಮೆರಿಕದ ವಿಚಿಟಾದಲ್ಲಿ 1921ರಲ್ಲಿ ಶುರುವಾದ ವೈಟ್ ಕ್ಯಾಸಲ್ ಎಂಬ ಬರ್ಗರ್ ಅಂಗಡಿ ಅದನ್ನು 5 ಸೆಂಟಿಗೆ ಮಾರುತ್ತಿತ್ತು. 1948ರಲ್ಲಿ ಮೆಕ್‌ಡೊನಾಲ್ಡ್ ಸೋದರರು ತಮ್ಮ ಅಡುಗೆಮನೆಯ ಕೆಲಸದ ಕ್ರಮವನ್ನೇ ಬದಲಾಯಿಸಿ 15 ಸೆಂಟಿಗೆ ಕೊಟ್ಟರು. ಅದಕ್ಕೇ ದುಬಾರಿ ಮೀನಿನ ಬಿಲ್ ನೋಡಿ ಯಾರೂ ನಗುವುದಿಲ್ಲ, ಬರ್ಗರ್ ಬಿಲ್ ನೋಡಿದರೆ ನಗುತ್ತಾರೆ. ಡೇನಿಯಲ್ ಬುಲೂ ಎಂಬ ಫ್ರೆಂಚ್ ಬಾಣಸಿಗ 2001ರಲ್ಲಿ ನ್ಯೂಯಾರ್ಕಿನಲ್ಲಿ ಬರ್ಗರಿನೊಳಗೆ ಪಕ್ಕೆಲುಬಿನ ಮಾಂಸ, ಫುವಾ ಗ್ರಾ ಅನ್ನುವ ಕೊಬ್ಬಿದ ಲಿವರ್ ಎಲ್ಲ ತುಂಬಿ 25 ಡಾಲರಿಗಿಂತ ಜಾಸ್ತಿ ಬೆಲೆ ಇಟ್ಟರು. ಅದೇ ದೊಡ್ಡ ಸುದ್ದಿಯಾಯಿತು. ನಿಮ್ಮವರು ಒಬ್ಬರೇ ಅಲ್ಲ ಬಿಡಿ.

ಹಾಗಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ? ರೆಸ್ಟೊರೆಂಟುಗಳಲ್ಲಿ ಸಾಮಾನುಗಳ ಖರ್ಚು ಸಾಮಾನ್ಯವಾಗಿ ಬಿಲ್ಲಿನ ಮೂರನೇ ಒಂದು ಭಾಗದ ಆಸುಪಾಸು. ಉಳಿದದ್ದು ಬಾಡಿಗೆ, ಅಡುಗೆಯವರ ಮತ್ತು ಬಡಿಸುವವರ ಸಂಬಳ, ಗ್ಯಾಸು, ಕರೆಂಟು. ನೀವು ಕೂತ ಕುರ್ಚಿಗೂ ಬಾಡಿಗೆ ಇದೆ, ಅಲ್ವಾ? ಒಳ್ಳೆಯ ಕಡೆ ಮಾಂಸವನ್ನು ಅಂದಂದೇ ಕೀಮಾ ಮಾಡುತ್ತಾರೆ. ನೂರರಲ್ಲಿ 20 ಪಾಲಿನಷ್ಟು ಕೊಬ್ಬು ಇರುವ ಹಾಗೆ ನೋಡಿಕೊಳ್ಳುತ್ತಾರೆ. ಕೊಬ್ಬು ಕಡಿಮೆಯಾದರೆ ಪ್ಯಾಟಿ, ಅಂದರೆ ಬನ್ನಿನ ಮಧ್ಯದ ಮಾಂಸದ ಬಿಲ್ಲೆ, ಒಣಗಿ ಪುಡಿಪುಡಿಯಾಗುತ್ತದೆ. ವಾರಗಟ್ಟಲೆ ತಣ್ಣಗೆ ಇಟ್ಟು ಹದ ಮಾಡಿದ ಮಾಂಸವಾದರೆ ಇನ್ನೂ ದುಬಾರಿ. ನೀರು ಆರಿ ತೂಕ ಇಳಿಯುತ್ತದೆ, ಮೇಲಿನ ಗಟ್ಟಿ ಪದರವನ್ನು ಕತ್ತರಿಸಿ ಎಸೆಯಬೇಕು. ಇವೆಲ್ಲ ನಿಜವಾದ ಖರ್ಚು. ಕಾದ ಹೆಂಚಿನ ಮೇಲೆ ಹೊರಗೆ ಕಂದು ಬಣ್ಣಕ್ಕೆ ಗರಿಗರಿಯಾಗಿ, ಒಳಗೆ ರಸ ಉಳಿಯುವ ಹಾಗೆ ಬೇಯಿಸುವುದು ಕೈಪಳಗಿದವರ ಕೆಲಸ. ಅದಕ್ಕೆ ದುಡ್ಡು ಕೊಟ್ಟರೆ ನಷ್ಟವಿಲ್ಲ.

ಇನ್ನು ಸುಳ್ಳು ಖರ್ಚು. ಮೆನುವಿನಲ್ಲಿ ವಾಗ್ಯು, ಅಂದರೆ ಜಪಾನ್ ತಳಿಯ ದುಬಾರಿ ದನದ ಮಾಂಸ, ಅಂತ ಬರೆದಿದ್ದರೆ ಸ್ವಲ್ಪ ಯೋಚಿಸಿ. ಆ ಮಾಂಸದ ಬೆಲೆ ಇರುವುದು ಅದರೊಳಗೆ ಹರಡಿರುವ ಕೊಬ್ಬಿನ ಸಣ್ಣ ಗೆರೆಗಳಲ್ಲಿ. ಕೀಮಾ ಯಂತ್ರಕ್ಕೆ ಹಾಕಿದ ಮೇಲೆ ಆ ಗೆರೆ ಎಲ್ಲಿ ಉಳಿಯುತ್ತದೆ? ಟ್ರಫಲ್ ಅನ್ನುವ ದುಬಾರಿ ಅಣಬೆಯ ಹೆಸರಿನ ಎಣ್ಣೆಯೂ ಅಷ್ಟೇ, ಬಹುಪಾಲು ಕೃತಕ ಪರಿಮಳ. ಚಿನ್ನದ ಹಾಳೆಗಂತೂ ರುಚಿಯೇ ಇಲ್ಲ, ಅದು ಫೋಟೋಗೆ ಮಾತ್ರ. ನಿಮ್ಮ ಬರ್ಗರಿನ ಬೆಲೆ ಇಂಥವುಗಳಿಂದ ಏರಿದ್ದರೆ ನಿಮ್ಮವರ ನಗುವಿನಲ್ಲಿ ಅರ್ಧ ನ್ಯಾಯ ಇದೆ.

ಆದರೂ ಒಂದು ವಿಷಯ ಗಮನಿಸಿದೆ. ನಿಮ್ಮ ಪತ್ರದಲ್ಲಿ ರುಚಿಯ ಬಗ್ಗೆ ಒಂದು ಮಾತೂ ಇಲ್ಲ. 'ನಾನೊಬ್ಬಳೇ' ಅಂತ ಇದೆ. ಯಾರೂ ಕರೆಯದ, ಯಾರಿಗೂ ಬಡಿಸಬೇಕಿಲ್ಲದ ಒಂದು ಗಂಟೆ ನಿಮಗೆ ಬೇಕಾಗಿದೆ ಅಂತ ನನಗೆ ಅನಿಸುತ್ತದೆ. ಅದು ಸಣ್ಣ ಆಸೆಯೇನಲ್ಲ. ಬರ್ಗರಿನ ಲೆಕ್ಕದಲ್ಲಿ ಅದು ನಿಮಗೆ ಸಿಗುತ್ತಿದೆ, ಅಷ್ಟೇ.

ನನಗೆ ಚಿಂತೆ ಆಗಿದ್ದು ನೀವು ನಗದು ಕೊಡಲು ಶುರುಮಾಡಿದ್ದು. ದುಡಿದ ದುಡ್ಡಲ್ಲಿ ತಿನ್ನುವುದನ್ನು ಮುಚ್ಚಿಡಲು ಹೋದರೆ ತಪ್ಪು ಮಾಡಿದ್ದೇನೆ ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತದೆ. ನಾಳೆ ಅವರಿಗೆ ಗೊತ್ತಾದರೆ ಮಾತು ಬರ್ಗರಿಗೆ ನಿಲ್ಲುವುದಿಲ್ಲ, 'ಇನ್ನೇನೇನು ಮುಚ್ಚಿಟ್ಟಿದ್ದೀಯಾ?' ಅನ್ನುವವರೆಗೂ ಹೋಗುತ್ತದೆ.

ಅದಕ್ಕೆ ಮೊದಲೇ ನೀವೇ ಮಾತು ತೆಗೆಯಿರಿ. ಜಗಳದ ಮಧ್ಯೆ ಬೇಡ, ಇಬ್ಬರೂ ಸಮಾಧಾನವಾಗಿರುವಾಗ. 'ಬೆಲೆ ಕೇಳಿದ್ದಕ್ಕೆ ಬೇಜಾರಿಲ್ಲ, ಎಲ್ಲರ ಮುಂದೆ ನಗಾಡಿದ್ದು ಬೇಜಾರಾಯಿತು. ಅದಕ್ಕೇ ಆಮೇಲೆ ಮುಚ್ಚಿಟ್ಟೆ' ಅಂತ ನೇರವಾಗಿ ಹೇಳಿ. ಮೀನಮೇಷ ಎಣಿಸಬೇಡಿ. ಅವರು ತಮಾಷೆಗೆ ಹೇಳಿರಬಹುದು. ಆದರೆ ಹೆಂಡತಿಯ ಖರ್ಚನ್ನು ನಾಲ್ಕು ಜನರ ನಡುವೆ ಎಳೆಯುವುದು ತಮಾಷೆಯಲ್ಲ. ಅದು ಅವರಿಗೆ ಗೊತ್ತಾಗಲಿ.

ಆಮೇಲೆ ಇಬ್ಬರೂ ಕೂತು ಒಂದು ಏರ್ಪಾಡು ಮಾಡಿಕೊಳ್ಳಿ. ಬಾಡಿಗೆ, ಸಾಲದ ಕಂತು, ಉಳಿತಾಯ ಎಲ್ಲ ತೆಗೆದಿಟ್ಟ ಮೇಲೆ ಇಬ್ಬರಿಗೂ ಸಮನಾಗಿ ಸ್ವಲ್ಪ ಕೈಖರ್ಚು. ಅದಕ್ಕೆ ಯಾರೂ ಲೆಕ್ಕ ಕೇಳಬಾರದು. ನೀವು ಬರ್ಗರ್ ತಿನ್ನಿ, ಅವರು ಬೇಕಾದ್ದು ಕೊಳ್ಳಲಿ. ಕಂತು ಕಟ್ಟಲು ಕಷ್ಟವಾಗುತ್ತಿದ್ದರೆ ಮಾತ್ರ ಎರಡು ತಿಂಗಳಿಗೊಮ್ಮೆ ಹೋಗಿ.

'ನಾನೂ ಬರ್ತೀನಿ, ಅದೇನು ಅಂಥ ಬರ್ಗರ್ ನೋಡೋಣ' ಅಂತ ಅವರು ಅಂದರೆ? ಬೆಲೆ ಸಾಬೀತು ಮಾಡಲು ಕರೆದುಕೊಂಡು ಹೋಗಬೇಡಿ, ತುತ್ತು ತುತ್ತಿಗೂ ಲೆಕ್ಕ ಹಾಕುತ್ತಾರೆ. ಇದು ನಾನೊಬ್ಬಳೇ ಹೋಗುವ ದಿನ ಅಂತ ಹೇಳಿ. ಇಬ್ಬರೂ ಸೇರಿ ಹೋಗುವುದಕ್ಕೆ ಬೇರೆ ದಿನ, ಬೇರೆ ಜಾಗ ಇಟ್ಟುಕೊಳ್ಳಿ.