ಕೊಲೆಸ್ಟ್ರಾಲ್ ಇಳಿಯಿತು, ಮಾತ್ರೆ ಬಿಡಲೇ?

ಪ್ರಶ್ನೆ: ನನಗೆ 56 ವರ್ಷ. ಕಳೆದ ವರ್ಷ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಅಂದಿನಿಂದ ಅಟೋರ್ವಾಸ್ಟಾಟಿನ್ 40 ಮಿ.ಗ್ರಾಂ. ನುಂಗುತ್ತಿದ್ದೇನೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148ರಿಂದ 62ಕ್ಕೆ ಇಳಿದಿದೆ. ಈಚೆಗೆ ತೊಡೆಗಳಲ್ಲಿ ನೋವು. ಮಾತ್ರೆ ನಿಲ್ಲಿಸಿ, ಪಕ್ಕದ ಊರಿನಲ್ಲಿ ಕೊಡುವ ಕಷಾಯ ಕುಡಿಯಬಹುದೇ? (ತಿಪಟೂರು)

ಉತ್ತರ: ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ತುಮಕೂರಿನ ನನ್ನ ಕ್ಲಿನಿಕ್ಕಿಗೆ ಗುಬ್ಬಿ, ಶಿರಾ, ಕುಣಿಗಲ್ ಕಡೆಯಿಂದ ಬರುವವರೆಲ್ಲ ಇದನ್ನೇ ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ. ಮಾತ್ರೆ ಬಿಟ್ಟು, ಎಷ್ಟೋ ತಿಂಗಳ ಮೇಲೆ ಎದೆ ಹಿಡಿದುಕೊಂಡು ಬರುತ್ತಾರೆ. ನನ್ನ ಸಿಟ್ಟೆಲ್ಲ ಅದಕ್ಕೇ. 62 ಬಂದಿರುವುದು ಮಾತ್ರೆಯಿಂದ. ನಿಮ್ಮ ಅಟೋರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಔಷಧಗಳು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಗ್ಗಿಸುತ್ತವೆ. ಆಗ ಯಕೃತ್ತು ತನಗೆ ಬೇಕಾದುದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಏರುತ್ತದೆ. ಲ್ಯಾಬ್ ವರದಿಯಲ್ಲಿ ಅಚ್ಚಾಗಿರುವ ‘ಸಾಮಾನ್ಯ’ ಮಟ್ಟ ನಿಮಗೆ ಲೆಕ್ಕಕ್ಕಿಲ್ಲ. ಹೃದಯಾಘಾತವಾದವರಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು; 55ಕ್ಕಿಂತಲೂ ಇಳಿಸಬೇಕೆನ್ನುವ ಹೃದ್ರೋಗ ತಜ್ಞರಿದ್ದಾರೆ, ನಾನೂ ಆ ಪಕ್ಷದವನೇ.

ಇನ್ನು ತೊಡೆ ನೋವು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಸ್ಟಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಬದಿಯ ತೊಡೆ, ಸೊಂಟ, ಭುಜಗಳಲ್ಲಿ, ಅದೂ ಹೆಚ್ಚಾಗಿ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಕಾಣುತ್ತದೆ. ವರ್ಷದ ಮೇಲೆ ಶುರುವಾಗಿದ್ದರೆ ನಾನು ಮೊದಲು ಕೇಳುವುದು, ಹೊಸದಾಗಿ ಏನು ನುಂಗಿದಿರಿ ಎಂದು. ಕೆಮ್ಮಿಗೆ ಕ್ಲಾರಿಥ್ರೋಮೈಸಿನ್ ತೆಗೆದುಕೊಂಡಿರಾ? ಹುಳುಕಡ್ಡಿಗೆಂದು ಔಷಧ ಅಂಗಡಿಯಲ್ಲಿ ಕೇಳಿ ಪಡೆದ ಇಟ್ರಾಕೊನಜೋಲ್? ಇವು ಅಟೋರ್ವಾಸ್ಟಾಟಿನ್ ದೇಹದಲ್ಲಿ ಕರಗದಂತೆ ತಡೆದು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಚೀಟಿಯಿಲ್ಲದೆ ಇಂಥವನ್ನು ಮಾರುವುದು ತಪ್ಪು, ಕೊಳ್ಳುವುದೂ ತಪ್ಪು. ಥೈರಾಯ್ಡ್ ಕುಂದಿದರೂ ಸ್ನಾಯು ನೋಯುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ. ಆದ್ದರಿಂದ ಸಿಕೆ (ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಮತ್ತು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮಾಡಿಸಿಕೊಂಡು ವೈದ್ಯರನ್ನು ಕಾಣಿ. ಪ್ರಮಾಣ ಇಳಿಸಬಹುದು, ಇನ್ನೊಂದು ಸ್ಟಾಟಿನ್ ಆದ ರೋಸುವಾಸ್ಟಾಟಿನ್‌ಗೆ ಬದಲಾಯಿಸಬಹುದು, ಕೊಲೆಸ್ಟ್ರಾಲ್ ಇಳಿಸುವ ಬೇರೆ ಬಗೆಯ ಮಾತ್ರೆ ಎಜೆಟಿಮೈಬ್ ಸೇರಿಸಬಹುದು.

ಸ್ಟಾಟಿನ್ ಒಗ್ಗದೆ ಬಿಟ್ಟಿದ್ದ 60 ಜನರ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅವರಿಗೆ ಗೊತ್ತಾಗದಂತೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. ಸ್ಟಾಟಿನ್‌ನಿಂದ ಬಂತೆನ್ನುವ ತೊಂದರೆಯ ಸುಮಾರು ಶೇ 90ರಷ್ಟು ಹುಸಿಮಾತ್ರೆಯ ತಿಂಗಳಲ್ಲೂ ಇತ್ತು. ನೋವು ಸುಳ್ಳಲ್ಲ; ಆದರೆ ತನಿಖೆಯಿಲ್ಲದೆ ಮಾತ್ರೆಯ ಮೇಲೆ ಅಪರಾಧ ಹೊರಿಸಬೇಡಿ. ಒಂದು ಸಂದರ್ಭ ಮಾತ್ರ ಬೇರೆ: ನಡೆಯಲಾಗದಷ್ಟು ನೋವು, ನಿಶ್ಶಕ್ತಿ, ಕಪ್ಪು ಚಹಾದಂಥ ಮೂತ್ರ ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ಕಷಾಯದಲ್ಲಿ ಏನಿದೆ ಎಂದು ಕೊಡುವವರನ್ನು ಕೇಳಿ ನೋಡಿ. ‘ಗುರುಗಳು ಹೇಳಿದ ಬೇರು’ ಎನ್ನುತ್ತಾರೆ, ಹೆಸರು ಹೇಳುವುದಿಲ್ಲ. ಹೆಸರಿಲ್ಲದ್ದನ್ನು ಸ್ಟೆಂಟ್ ಇರುವ ಹೃದಯಕ್ಕೆ ಕೊಡಲು ಅವರಿಗೆ ಧೈರ್ಯ ಹೇಗೆ ಬರುತ್ತದೆ? ಮಾತ್ರೆ ಲಿವರ್ ಹಾಳು ಮಾಡುತ್ತದೆಂದು ಹೆದರಿಸುವವರೂ ಇವರೇ. ಸ್ಟಾಟಿನ್‌ನಿಂದ ಯಕೃತ್ತಿಗೆ ಗಂಭೀರ ಹಾನಿ ಬಹಳ ಅಪರೂಪ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಯಕೃತ್ತು ಕೆಡಿಸಿಕೊಂಡವರ ಪ್ರಕರಣಗಳನ್ನು ಮುಂಬೈ ವೈದ್ಯರು ದಾಖಲಿಸಿದ್ದಾರೆ.

ಪ್ರಶ್ನೆ: ಮಾತ್ರೆಯನ್ನು ರಾತ್ರಿಯೇ ನುಂಗಬೇಕೇ? (ಮಧುಗಿರಿ)

ಉತ್ತರ: ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಆದರೆ ಮರೆಯದ ಹೊತ್ತಿಗೆ ನುಂಗಿ.

ಪ್ರಶ್ನೆ: ಬೆಳಿಗ್ಗೆ ಹಸಿ ಬೆಳ್ಳುಳ್ಳಿ ತಿಂದರೆ ಮಾತ್ರೆ ಬೇಡವಂತೆ, ನಿಜವೇ? (ಕೊರಟಗೆರೆ)

ಉತ್ತರ: ಸುಳ್ಳು. ಸಾರಿಗೆ ಒಗ್ಗರಣೆ ಹಾಕಿ.

ಪ್ರಶ್ನೆ: ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲವಲ್ಲ, ಕೊಬ್ಬರಿ ಎಣ್ಣೆಯಲ್ಲಿ ಅಡುಗೆ ಮಾಡಬಹುದೇ? (ತುರುವೇಕೆರೆ)

ಉತ್ತರ: ಕೊಲೆಸ್ಟ್ರಾಲ್ ಇಲ್ಲ, ನಿಜ. ಆದರೆ ಆ ಎಣ್ಣೆಯ ಬಹುಪಾಲು ಸಂತೃಪ್ತ ಕೊಬ್ಬು. ಅದು ನಿಮ್ಮ ಎಲ್‌ಡಿಎಲ್ ಏರಿಸುತ್ತದೆ. ಪಲ್ಯಕ್ಕೆ ಒಂದಿಷ್ಟು ತುರಿ ಹಾಕಿಕೊಳ್ಳಿ, ಎಣ್ಣೆ ಬೇಡ.

ಪ್ರಶ್ನೆ: ನನಗೆ 29 ವರ್ಷ. ವಂಶದಿಂದಲೇ ಕೊಲೆಸ್ಟ್ರಾಲ್ ಹೆಚ್ಚು, ಸ್ಟಾಟಿನ್ ತೆಗೆದುಕೊಳ್ಳುತ್ತೇನೆ. ಮಗು ಬೇಕೆಂದಿದ್ದೇವೆ. (ಚಿಕ್ಕನಾಯಕನಹಳ್ಳಿ)

ಉತ್ತರ: ಕೇಳಿದ್ದು ಒಳ್ಳೆಯದಾಯಿತು ತಾಯಿ. ಗರ್ಭ ಧರಿಸುವ ಪ್ರಯತ್ನಕ್ಕೆ ಮೊದಲೇ ಈ ಮಾತ್ರೆಯನ್ನು ಸಾಮಾನ್ಯವಾಗಿ ನಿಲ್ಲಿಸುತ್ತೇವೆ, ಎದೆಹಾಲು ಕುಡಿಸುವಾಗಲೂ ಕೊಡುವುದಿಲ್ಲ. ಹೃದಯದ ವೈದ್ಯರು ಮತ್ತು ಪ್ರಸೂತಿ ತಜ್ಞರನ್ನು ಈ ವಾರವೇ ಕಾಣಿ. ತಿಂಗಳ ಮುಟ್ಟು ಈಗಾಗಲೇ ತಪ್ಪಿದ್ದರೆ ಗಾಬರಿಯಾಗದೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ.