ಸ್ಪೇನ್ ಮದುಮಗಳ ಅಲಂಕಾರದಲ್ಲಿ ನಿಜವಾಗಿ ಸ್ಪೇನ್‌ನದ್ದು ಯಾವುದು?

ಮಂಗಳೂರಿನ ಚರ್ಚ್‌ನಲ್ಲಿ ಮದುವೆ, ಬಿಳಿ ಗೌನ್‌ಗೆ ಸ್ಪೇನ್ ಶೈಲಿ ಬೇಕು ಅಂದ್ರೆ ಅಂಗಡಿಯವರು ಫ್ರಿಲ್ ಲಂಗ, ಕೆಂಪು ಗುಲಾಬಿ, ಬೀಸಣಿಗೆ ತೋರಿಸ್ತಾರೆ, ಅಲ್ಲಿನ ಪದ್ಧತಿ ಇದೇನಾ ಅಂತ ಕೇಳಿದ್ದೀರಿ.

ಅಲ್ಲ. ನಾನು ಸ್ಪೇನ್‌ನ ಸೆವಿಲ್ ಊರಲ್ಲಿ ಮದುವೆ ಉಡುಪು ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಆ ಫ್ರಿಲ್ ಉಡುಪು ಇಲ್ಲಿ ಜಾತ್ರೆಯದು. 1847ರಲ್ಲಿ ದನದ ಸಂತೆಯಾಗಿ ಶುರುವಾದ ಏಪ್ರಿಲ್ ಜಾತ್ರೆಗೆ ಬರುತ್ತಿದ್ದ ಹಳ್ಳಿ ಹೆಂಗಸರ, ಜಿಪ್ಸಿ ಹೆಂಗಸರ ಬಟ್ಟೆಯಿಂದ ಬೆಳೆದದ್ದು. ತುಂಬಾ ಚೆಂದ ಇರುತ್ತದೆ, ಆದರೆ ಮದುಮಗಳು ಅದನ್ನು ಹಾಕಿಕೊಂಡು ಚರ್ಚ್‌ಗೆ ಹೋಗುವ ರೂಢಿ ಇಲ್ಲ.

ನನ್ನ ಮಾತು ಕೇಳುವುದಾದರೆ ಒಂದನ್ನೇ ಆರಿಸಿ: ಮಂಟಿಲಾ, ಅಂದರೆ ತಲೆ ಮೇಲೆ ಹೊದೆಯುವ ಲೇಸ್ ವೇಲ್. ಮಿಕ್ಕದ್ದೆಲ್ಲ ಇಲ್ಲದಿದ್ದರೂ ನಡೆಯುತ್ತದೆ.

ಮಾಮೂಲಿ ವೇಲ್ ಅಂದರೆ ನೆಟ್ ಬಟ್ಟೆ, ಮೇಲ್ಗಡೆ ನೆರಿಗೆ ಹಿಡಿದು ಬಾಚಣಿಗೆಗೆ ಹೊಲಿದಿರುತ್ತಾರೆ. ಮಂಟಿಲಾಗೆ ನೆರಿಗೆ ಇಲ್ಲ. ತಲೆ ಮೇಲೆ ಹಾಗೇ ಹರಡಿಕೊಂಡು, ಅಂಚಿನ ಲೇಸ್ ಮುಖದ ಎರಡೂ ಪಕ್ಕಕ್ಕೆ ಇಳಿಯಬೇಕು. ಹಾಗಾಗಿ ಲೇಸ್ ಚೆನ್ನಾಗಿಲ್ಲದಿದ್ದರೆ ಅಡಗಿಸಲು ಜಾಗವೇ ಇರುವುದಿಲ್ಲ. ಬ್ಲೋಂಡಾ ಅಂತ ಒಂದು ಬಗೆ, ರೇಷ್ಮೆ ನೂಲಿನದು, ದೊಡ್ಡ ದೊಡ್ಡ ಹೂಗಳು, ಅಲೆ ಅಲೆಯಾದ ಅಂಚು, ಕೈಯಲ್ಲಿ ಹಿಡಿದರೆ ಹೂವಿನ ಭಾಗ ದಪ್ಪಗೆ ಮಿನುಗುತ್ತದೆ. ಶಾಂಟಿಯಿ ಅನ್ನುವ ಇನ್ನೊಂದು ಬಗೆಯ ಲೇಸ್ ಇನ್ನೂ ತೆಳು, ಚಿಕ್ಕ ಕೆಲಸ. ಗ್ರನಾಡಾ ಕಡೆ ನೆಟ್ ಮೇಲೆ ಕಸೂತಿ ಹಾಕಿದ್ದೂ ಸಿಗುತ್ತದೆ. ಅಲ್ಮಾಗ್ರೋ ಅನ್ನುವ ಊರಲ್ಲಿ ಇವತ್ತಿಗೂ ದಿಂಬಿನ ಮೇಲೆ ಗುಂಡುಪಿನ್ನು ಚುಚ್ಚಿ, ಮರದ ಕಡ್ಡಿಗಳಿಗೆ ನೂಲು ಸುತ್ತಿ, ಅದನ್ನು ಹಿಂದೆ ಮುಂದೆ ಹಾಯಿಸಿ ಕೈಯಲ್ಲೇ ಲೇಸ್ ಹೆಣೆಯುತ್ತಾರೆ.

ಇದನ್ನು ಎತ್ತಿ ಹಿಡಿಯುವುದು ಪೈನೆಟಾ, ಅಂದರೆ ಎತ್ತರದ ಬಾಚಣಿಗೆ. ಹಿಂದೆ ಕಡಲಾಮೆ ಚಿಪ್ಪಿನಲ್ಲಿ ಮಾಡುತ್ತಿದ್ದರು, ಈಗ ಅದೇ ಬಣ್ಣದ ಪ್ಲಾಸ್ಟಿಕ್. ಹಳೇ ಚಿಪ್ಪಿನದ್ದು ಆನ್‌ಲೈನ್‌ನಲ್ಲಿ ಕಂಡರೆ ತರಿಸಲು ಹೋಗಬೇಡಿ, ಆಮೆ ಚಿಪ್ಪನ್ನು ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ನಿಷೇಧ ಇದೆ. ಹಾಕುವ ಕ್ರಮ ಹೀಗೆ: ಮೊದಲು ಬಿಗಿಯಾದ ತುರುಬು, ಸಡಿಲ ಕೂದಲಿಗೆ ಇದು ನಿಲ್ಲುವುದೇ ಇಲ್ಲ. ಪೈನೆಟಾ ನೆಟ್ಟಗೆ ಚುಚ್ಚಬೇಕು, ಹಿಂದಕ್ಕೆ ವಾಲಬಾರದು. ಮೇಲೆ ಮಂಟಿಲಾ ಹಾಸಿ, ಎರಡೂ ಬದಿ ಸಮ ಇದೆಯಾ ನೋಡಿ, ಬಾಚಣಿಗೆಯ ಬುಡದಲ್ಲಿ ಪಿನ್. ಹಿಂದೆ ಮಡಿಕೆಗಳನ್ನೆಲ್ಲ ಒಟ್ಟು ಮಾಡಿ ಒಂದು ಬ್ರೂಚ್. ಕೊನೆಗೆ ಹೆಗಲ ಮೇಲೆ ಒಂದೊಂದು ಪಿನ್, ಅದೂ ಸ್ವಲ್ಪ ಸಡಿಲ ಬಿಟ್ಟು, ಇಲ್ಲದಿದ್ದರೆ ನೀವು ಮದುಮಗನ ಕಡೆ ತಲೆ ತಿರುಗಿಸಿದಾಗೆಲ್ಲ ಬಾಚಣಿಗೆ ಎಳೆಯುತ್ತದೆ. ಕನ್ನಡಿ ಮುಂದೆ ಕೂತು ಮಾಡಿಸಿಕೊಂಡರೆ ಸಾಲದು, ಎದ್ದು ಓಡಾಡಿ ನೋಡಿ.

ಇನ್ನೊಂದು ವಿಷಯ. ಇಲ್ಲಿ ಮದುಮಗನನ್ನು ಅವನ ತಾಯಿ ಕೈ ಹಿಡಿದು ಚರ್ಚ್ ಒಳಗೆ ಕರೆದುಕೊಂಡು ಬರುತ್ತಾಳೆ, ಈಗ ಪೈನೆಟಾ, ಮಂಟಿಲಾ ಎರಡೂ ಜಾಸ್ತಿ ಕಾಣುವುದು ಅವಳ ತಲೆ ಮೇಲೆಯೇ. ಎಷ್ಟೋ ವಧುಗಳು ಸಾದಾ ವೇಲ್ ಹಾಕುತ್ತಾರೆ. ಲೇಸ್ ಅಂದ್ರೆ ಬರೀ ಅಲಂಕಾರ ಅಂದುಕೊಳ್ಳಬೇಡಿ, ಇಟಲಿಯಿಂದ ಬಂದು ಸ್ಪೇನ್‌ಗೆ ರಾಜನಾದ ಅಮಡೇಯೋ ಬೇಡ ಅಂತ ತೋರಿಸಲು 1871ರಲ್ಲಿ ಮ್ಯಾಡ್ರಿಡ್‌ನ ದೊಡ್ಡ ಮನೆತನದ ಹೆಂಗಸರು ಟೋಪಿ ಬಿಟ್ಟು ಮಂಟಿಲಾ, ಪೈನೆಟಾ ಹಾಕಿಕೊಂಡೇ ಬೀದಿಗೆ ಬಂದಿದ್ದರು. ನನಗೆ ಬಹಳ ಇಷ್ಟವಾದ ಕಥೆ ಇದು.

ಬಿಳಿ ಗೌನ್ ಇಲ್ಲಿಯ ಹಳೇ ಪದ್ಧತಿ ಅಲ್ಲ. ಹೋದ ಶತಮಾನದ ನಡುವಿನವರೆಗೂ ಹಳ್ಳಿಗಳಲ್ಲಿ ಮದುಮಗಳು ಕಪ್ಪು ಉಡುಪು ಹಾಕುತ್ತಿದ್ದಳು. ‘ಸಾಯುವವರೆಗೂ ನಿನ್ನ ಜೊತೆ’ ಅನ್ನುವ ಗುರುತು ಅದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನಗೆ ಕಾಣುವ ಕಾರಣ ಸರಳ: ಒಳ್ಳೆಯ ಕಪ್ಪು ಬಟ್ಟೆ ಒಂದು ಹೊಲಿಸಿದರೆ ಹಬ್ಬಕ್ಕೂ ಆಯಿತು, ಸಾವಿನ ಮನೆಗೂ ಆಯಿತು. ಸಲಮಾಂಕಾ ಪ್ರಾಂತ್ಯದ ಲಾ ಅಲ್ಬೆರ್ಕಾದ ಮದುವೆ ಉಡುಗೆಯನ್ನಂತೂ ನೀವು ಒಮ್ಮೆ ನೋಡಲೇಬೇಕು. ಎದೆ ತುಂಬಾ ಬೆಳ್ಳಿ, ಹವಳದ ಸರಗಳು, ತಾಯತಗಳು, ಸೊಂಟದ ಕೆಳಗಿನವರೆಗೂ. ನಮ್ಮ ಕಡೆ ಮದುಮಗಳಿಗೆ ಮನೆಯಲ್ಲಿರೋ ಒಡವೆಯೆಲ್ಲ ಹೇರಿದ ಹಾಗೇ.

ಗುಲಾಬಿ ಬದಲು ಕಿತ್ತಳೆ ಹೂವು ಹಾಕಿ. ಸೆವಿಲ್ ಬೀದಿಗಳಲ್ಲಿ ವಸಂತ ಬಂತೆಂದರೆ ಅದರದ್ದೇ ವಾಸನೆ. ಆದರೆ ಬೇಗ ಬಾಡುತ್ತದೆ, ಅದಕ್ಕೇ ಹಿಂದಿನವರು ಮೇಣದಲ್ಲಿ ಮಾಡಿದ ಹೂವು ಮುಡಿಯುತ್ತಿದ್ದರು. ಆರಾಸ್ ಅಂತ 13 ನಾಣ್ಯಗಳ ಪುಟ್ಟ ಪೆಟ್ಟಿಗೆಯೂ ಇದೆ, ಪೂಜೆಯ ನಡುವೆ ಗಂಡ ಹೆಂಡತಿ ಒಬ್ಬರ ಕೈಗೆ ಒಬ್ಬರು ಸುರಿಯುತ್ತಾರೆ. ಇದು ಬೇಕಿದ್ದರೆ ನಿಮ್ಮ ಪಾದ್ರಿಯವರನ್ನು ಮೊದಲೇ ಕೇಳಿ. ರಿಸೆಪ್ಶನ್‌ಗೆ ಮನಿಲಾ ಶಾಲು ಹೊದೆಯಬಹುದು, ಚೀನಾದ ಕ್ಯಾಂಟನ್‌ನಲ್ಲಿ ಕಸೂತಿ ಹಾಕಿದ ರೇಷ್ಮೆ, ಫಿಲಿಪೀನ್ಸ್‌ನ ಮನಿಲಾ, ಮೆಕ್ಸಿಕೊ ದಾಟಿ ಹಡಗಿನಲ್ಲಿ ಸ್ಪೇನ್‌ಗೆ ಬರುತ್ತಿತ್ತು, ಉದ್ದ ಕುಚ್ಚು ಕಟ್ಟುವ ಕೆಲಸ ಇಲ್ಲಿ ಬೆಳೆಯಿತು. ಸೀರೆಗೆ ಕುಚ್ಚು ಹಾಕುವವರು ನಿಮ್ಮ ಊರಲ್ಲೇ ಇದ್ದಾರೆ, ಅವರಿಗೆ ಫೋಟೋ ತೋರಿಸಿದರೆ ಸಾಕು.

ಗೌನ್ ಮಾತ್ರ ಸಾದಾ ಇರಲಿ, ದಯವಿಟ್ಟು. ಸ್ಪೇನ್‌ನ ಗೆತಾರಿಯಾ ಊರಿನ ಫ್ಯಾಷನ್ ಡಿಸೈನರ್ ಬಾಲೆನ್ಸಿಯಾಗ 1967ರಲ್ಲಿ ಮಾಡಿದ ಮದುವೆ ಉಡುಪಿನ ಚಿತ್ರ ಹುಡುಕಿ ನೋಡಿ. ಲೇಸ್ ಇಲ್ಲ, ಮಣಿ ಇಲ್ಲ, ಗಟ್ಟಿ ರೇಷ್ಮೆಯ ಕತ್ತರಿಕೆ ಒಂದರಿಂದಲೇ ಅಷ್ಟು ಗಾಂಭೀರ್ಯ. ಅಂಥ ಗೌನ್ ಮೇಲೆ ಮಂಟಿಲಾ ಇಳಿಬಿಟ್ಟರೆ ಕಣ್ಣು ನೇರ ಮುಖಕ್ಕೆ ಹೋಗುತ್ತದೆ. ಗೌನ್‌ನಲ್ಲೂ ಲೇಸ್, ತಲೆ ಮೇಲೂ ಲೇಸ್ ಆದರೆ ಎರಡೂ ಕೆಡುತ್ತವೆ.

ನಿಮ್ಮ ಗೌನ್‌ನ ಕುತ್ತಿಗೆ ಹೇಗಿದೆ, ಕೂದಲು ತುರುಬಿಗೆ ಸಾಲುವಷ್ಟು ಇದೆಯಾ ಅಂತ ಕೆಳಗೆ ಬರೆಯಿರಿ. ಬ್ಲೋಂಡಾನಾ, ಶಾಂಟಿಯಿನಾ, ಎಷ್ಟು ಉದ್ದ ಬೇಕು ಅಂತ ಹೇಳುತ್ತೇನೆ.